ಎಣ್ಣೆ ತೆಗೆದಾದ್ಮೇಲೆ ಹಿಂಡಿ ಏನ್ಮಾಡ್ತೀರಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಳೆಯಿಂದ ಇಂಧನ ತೆಗೆಯೋ ವಿಚಾರದಲ್ಲಿ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ತಿಂಗಳು ಹೇಳಿದ್ವಿ, ಕೊಡಗಿನ ಶನಿವಾರಸಂತೆಯಿಂದ ಭಾಗಮಂಡಲದ ತನಕ ಪತ್ರ ಬಂದಿವೆ. ಎಲ್ಲದಕ್ಕೂ ಉತ್ತರ ಕೊಡೋಕೆ ಜಾಗ ಸಾಲಲ್ಲ, ಆರು ಪ್ರಶ್ನೆ ತಗೊಂಡಿದೀನಿ. ನಾನೂ ಕಾಫಿ ಬೆಳೆಯೋನೇ, ಸ್ವಲ್ಪ ವರ್ಷ ಹೊಂಗೆ ಎಣ್ಣೆ ಗಾಣನೂ ನಡೆಸಿದೀನಿ, ಹಾಗಾಗಿ ಕೈಯಿಂದ ದುಡ್ಡು ಹಾಕಿ ಕಲಿತಿದ್ದನ್ನೇ ಇಲ್ಲಿ ಬರೀತಿದೀನಿ.

ಪ್ರಶ್ನೆ: ಸಾರ್, ಶನಿವಾರಸಂತೆ ಹತ್ರ ನಮ್ಮದು ಎರಡೂವರೆ ಎಕರೆ ಪಾಳು ಬಿದ್ದಿದೆ. ಮೊನ್ನೆ ಇಬ್ಬರು ಬಂದು ಬಯೋಡೀಸೆಲ್ ಗಿಡ ಹಾಕಿ, ಬೀಜ ನಾವೇ ವಾಪಸ್ ತಗೋತೀವಿ, ಅಗ್ರಿಮೆಂಟ್ ಮಾಡ್ಕೊಡ್ತೀವಿ ಅಂದ್ರು. ಗಿಡಕ್ಕೆ ಮುಂಗಡ ಕೇಳ್ತಿದಾರೆ. ಕೊಡ್ಬಹುದಾ?

ಉತ್ತರ: ಕೊಡಬೇಡಿ. ನಾನು ಕೊಟ್ಟಿದ್ದೆ, ಅದಕ್ಕೇ ಹೇಳ್ತಿದೀನಿ. ಹದಿನೈದು ವರ್ಷದ ಹಿಂದೆ ಇದೇ ಥರ ಒಂದು ಕಂಪನಿಯವರು ಬಂದು ಜಟ್ರೋಫಾ (ಕಾಡು ಹರಳು) ಗಿಡ ಕೊಟ್ಟು ಹೋದ್ರು, ಮೂರು ವರ್ಷ ಆದ್ಮೇಲೆ ಎರಡು ಮೂಟೆ ಬೀಜ ಬಂತು, ಫೋನ್ ಮಾಡಿದ್ರೆ ನಂಬರೇ ಇಲ್ಲ. ಆ ಬೀಜ ದನಕ್ಕೂ ಹಾಕೋ ಹಾಗಿಲ್ಲ ಮನುಷ್ಯರಿಗೂ ಆಗಲ್ಲ, ವಿಷ. ಅಷ್ಟೂ ಗಿಡ ಕಿತ್ತು ಸೌದೆ ಮಾಡೋಣ ಅಂದ್ರೆ ಸರಿಯಾದ ಸೌದೆನೂ ಅಲ್ಲ ಅದು.

ಇದು ನನ್ನೊಬ್ಬನ ಕಥೆ ಅಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾ ಹಾಕಿಸಿ ಡೀಸೆಲ್‌ಗೆ ಬೆರೆಸೋಣ ಅಂತ ಶಿಫಾರಸು ಮಾಡಿತ್ತು, 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ 2017ರ ಹೊತ್ತಿಗೆ ನೂರಕ್ಕೆ 20 ಬೆರೆಸ್ತೀವಿ ಅಂತ ಗುರಿ ಇಟ್ಟರು, ಡೀಸೆಲ್ ವಿಷಯದಲ್ಲಿ ಅದು ಒಂದು ಪರ್ಸೆಂಟೂ ಮುಟ್ಟಲಿಲ್ಲ. 2018ರ ಹೊಸ ನೀತಿಯಲ್ಲಿ ಬಯೋಡೀಸೆಲ್ ಗುರಿನ 2030ಕ್ಕೆ 5 ಪರ್ಸೆಂಟ್‌ಗೆ ಇಳಿಸಿದ್ರು. ಪಾಳು ಭೂಮೀಲಿ ನೀರಿಲ್ಲದೆ ಬೆಳೆಯುತ್ತೆ ಅಂದಿದ್ದು ನಿಜಾನೇ, ಗಿಡ ಸಾಯಲ್ಲ, ಆದ್ರೆ ಸಾಯದೇ ಇರೋದು ಬೇರೆ, ಕಾಯಿ ಬಿಡೋದು ಬೇರೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಹಿಂಡಿ. ಕಡಲೆಕಾಯಿ ಎಣ್ಣೆ ತೆಗೆದ್ರೆ ಹಿಂಡಿ ದನಕ್ಕೆ ಹೋಗುತ್ತೆ, ಗಾಣದವನಿಗೆ ಅದರಲ್ಲೇ ಒಂದಷ್ಟು ಖರ್ಚು ಹುಟ್ಟುತ್ತೆ. ಜಟ್ರೋಫಾ ಹಿಂಡಿ ದನ ಮುಟ್ಟೋ ಹಾಗಿಲ್ಲ, ಹಾಗಾಗಿ ಪೂರ್ತಿ ಖರ್ಚು ಎಣ್ಣೆ ಮೇಲೇ ಬಿತ್ತು, ಎಣ್ಣೆ ಡೀಸೆಲ್‌ಗಿಂತ ತುಟ್ಟಿ ಆಯ್ತು, ಕೊಳ್ಳೋರೇ ಬರಲಿಲ್ಲ. ಇನ್ಮೇಲೆ ಯಾರೇ ಬಂದು ಎಣ್ಣೆ ಗಿಡ ಹಾಕಿ ಅಂದ್ರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಎಣ್ಣೆ ತೆಗೆದಾದ್ಮೇಲೆ ಉಳಿದಿದ್ದನ್ನ ಯಾರು, ಏನು ರೇಟಿಗೆ ತಗೋತಾರೆ?

ಪ್ರಶ್ನೆ: ಅಣ್ಣ, ನಮ್ಮದು ಸುಂಟಿಕೊಪ್ಪ ಹತ್ರ ಹದಿನಾಲ್ಕು ಎಕರೆ ರೋಬಸ್ಟಾ ಕಾಫಿ. ಫೆಬ್ರವರಿ ಮಾರ್ಚಲ್ಲಿ ಹೂವಿಗೆ ನೀರು ಕೊಡೋದು, ಆಮೇಲೆ ಬ್ಯಾಕಿಂಗು (ಹೂವಾದ್ಮೇಲೆ ಕೊಡೋ ಎರಡನೇ ನೀರು), ಎರಡಕ್ಕೂ ಡೀಸೆಲ್ ಪಂಪ್‌ಸೆಟ್ಟೇ ಗತಿ, ಸ್ಪ್ರಿಂಕ್ಲರ್ ಶುರು ಮಾಡಿದ್ರೆ ಬ್ಯಾರಲ್ ಗಟ್ಲೆ ಕುಡಿಯುತ್ತೆ. ಬೇಲಿಲಿ ಹೊಂಗೆ ಮರ ಹಾಕಿ ಅದರ ಎಣ್ಣೆಲೇ ಓಡಿಸಿದ್ರೆ ಗಿಟ್ಟುತ್ತಾ?

ಉತ್ತರ: ನಿಮ್ಮ ಪತ್ರ ಓದಿ ಖುಷಿ ಆಯ್ತು ತಮ್ಮ, ಯಾಕಂದ್ರೆ ಎಣ್ಣೆ ಮಾರ್ತೀನಿ ಅಂತ ಬರೆದೋರು ಹತ್ತು ಜನ, ನನ್ನ ಪಂಪ್‌ಗೆ ಹಾಕ್ಕೋತೀನಿ ಅಂತ ಬರೆದೋರು ನೀವೊಬ್ರೇ. ಓಡುತ್ತೆ, ಅದರಲ್ಲಿ ಡೌಟ್ ಇಲ್ಲ. ಮಂಡ್ಯ ಜಿಲ್ಲೆ ಕಗ್ಗನಹಳ್ಳೀಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರ ಮುಂದಾಳತ್ವದಲ್ಲಿ ಹೊಂಗೆ ಎಣ್ಣೆಲೇ ಜನರೇಟರ್ ನಡೆಸಿ ಹೊಲಕ್ಕೆ ನೀರೆತ್ತಿದ್ರು. ಓಡುತ್ತಾ ಅನ್ನೋದು ಹಳೇ ಪ್ರಶ್ನೆ, ಗಿಟ್ಟುತ್ತಾ ಅನ್ನೋದೇ ಈಗಿನ ಪ್ರಶ್ನೆ.

ಲೆಕ್ಕ ಹಾಕೋಣ. ಸಾಧಾರಣ ಎಕ್ಸ್‌ಪೆಲ್ಲರ್‌ನಲ್ಲಿ (ಎಣ್ಣೆ ಹಿಂಡೋ ಮೆಷಿನ್) ಒಂದು ಲೀಟರ್ ಎಣ್ಣೆಗೆ ಸುಮಾರು ನಾಲ್ಕು ಕೆಜಿ ಸುಲಿದ ಬೀಜ ಬೇಕು, ಮೂರು ಕೆಜಿ ಹತ್ರ ಹಿಂಡಿ ಉಳಿಯುತ್ತೆ. ಬೀಜ ಕೆಜಿಗೆ 25 ರೂಪಾಯಿ ಅಂತ ಇಟ್ಕೊಳ್ಳಿ, ಇದು ಲೆಕ್ಕಕ್ಕೆ ಇಟ್ಟ ರೇಟು, ನಿಮ್ಮ ಕಡೆ ಏನಿದೆಯೋ ಅದನ್ನ ಹಾಕಿ ನೋಡಿ. ಬೀಜಕ್ಕೆ 100, ಗಾಣದ ಕೂಲಿ ಕೆಜಿಗೆ 5ರ ಹಾಗೆ 20, ಅಲ್ಲಿಗೆ 120. ಹಿಂಡಿ ಕೆಜಿಗೆ 15 ರೂಪಾಯಿ ಸಿಕ್ರೆ 45 ವಾಪಸ್ ಬಂತು. ಲೀಟರ್ ಹಸಿ ಎಣ್ಣೆ ನಿಮಗೆ 75 ಬಿತ್ತು. ಹಿಂಡಿನ ಲೆಕ್ಕಕ್ಕೆ ಹಿಡಿಯದೇ ಬಿಟ್ರೆ 120, ಆಗ ಪೆಟ್ರೋಲ್ ಬಂಕಿಗೇ ಹೋಗೋದು ವಾಸಿ. ಮತ್ತೆ ಹಿಂಡಿ ಮಾರೋಕೆ ಹೋಗಬೇಡಿ, ನಿಮ್ಮ ಕಾಫಿ ಮೆಣಸಿಗೇ ಹಾಕಿ, ಅದರಲ್ಲಿ ನೈಟ್ರೋಜನ್ ನೂರಕ್ಕೆ ನಾಲ್ಕರ ಹತ್ರ ಇರುತ್ತೆ, ಕಹಿ ಇರೋದ್ರಿಂದ ಗೆದ್ದಲು ಪದ್ದಲೂ ದೂರ ಇರುತ್ತೆ. ದನ ತಿನ್ನದ ಹಾಗೆ ನೋಡ್ಕೊಳ್ಳಿ ಅಷ್ಟೇ.

ಈಗ ಕಷ್ಟದ ಮಾತು. ಹಸಿ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ, ಹಳೇ ನಿಧಾನ ತಿರುಗೋ ಎಂಜಿನ್ ಆದ್ರೆ ಬಿಸಿ ಮಾಡಿ ಬಿಟ್ರೆ ತಗೊಳ್ಳುತ್ತೆ, ಆದ್ರೂ ನಾಝಲ್‌ನಲ್ಲಿ ಮಸಿ ಕಟ್ಟುತ್ತೆ, ಶುರು ಮಾಡುವಾಗ ಮತ್ತೆ ನಿಲ್ಲಿಸೋ ಮುಂಚೆ ಡೀಸೆಲ್‌ನಲ್ಲೇ ಓಡಿಸಬೇಕು. ಹೊಸ ಪಂಪಿಗೆ, ಜೀಪಿಗೆ ಹಾಕಲೇಬೇಡಿ. ಹಸಿ ಎಣ್ಣೆನ ಬಯೋಡೀಸೆಲ್ ಮಾಡಬೇಕು ಅಂದ್ರೆ ಮೆಥನಾಲ್ ಬೇಕು, ನೂರು ಕೆಜಿ ಎಣ್ಣೆ ಜೊತೆ ಹನ್ನೊಂದು ಕೆಜಿ ಮೆಥನಾಲ್ ಸೇರಿ ನೂರು ಕೆಜಿ ಬಯೋಡೀಸೆಲ್, ಹತ್ತು ಕೆಜಿ ಗ್ಲಿಸರಿನ್ ಆಗುತ್ತೆ, ಕೆಲಸ ಪೂರ್ತಿ ಆಗಲಿ ಅಂತ ಮೆಥನಾಲ್ ಅದರ ಡಬಲ್ ಹಾಕಿ ಉಳಿದಿದ್ದನ್ನ ವಾಪಸ್ ಹಿಡೀತಾರೆ. ಮೆಥನಾಲ್ ವಿಷ, ಬೆಂಕಿ ಹತ್ತಿದ್ರೆ ಹಗಲಲ್ಲಿ ಜ್ವಾಲೆನೇ ಕಾಣಲ್ಲ, ಇದು ಲೈನ್‌ಮನೆ (ತೋಟದ ಕೆಲಸದವರ ಮನೆ) ಹಿಂದೆ ಮಾಡೋ ಕೆಲಸ ಖಂಡಿತ ಅಲ್ಲ. ಗ್ಲಿಸರಿನ್ ಮಾರ್ಕೊಂಡು ಲಾಭ ಮಾಡ್ತೀನಿ ಅನ್ನೋರಿಗೂ ಹೇಳ್ತೀನಿ, ಸಣ್ಣ ಘಟಕದಲ್ಲಿ ಬರೋದು ಸೋಪು, ಮೆಥನಾಲ್ ಎಲ್ಲ ಬೆರೆತ ಕಂದು ಪಾಕ, ಔಷಧಿ ಕಂಪನಿಯವರು ಕೇಳೋದು ಶುದ್ಧ ಮಾಡಿದ್ದು, ಎರಡರ ರೇಟಿಗೂ ಅಜಗಜಾಂತರ.

ಇನ್ನೊಂದು, ಹೊಂಗೆ ಎಣ್ಣೆಗೆ ಸೋಪಿನವರು, ಚರ್ಮ ಹದ ಮಾಡೋರು, ಗಿಡಕ್ಕೆ ಹೊಡಿಯೋ ಔಷಧಿ ಮಾಡೋರು ಇದಾರೆ, ಎಷ್ಟೋ ಸಲ ಅವರು ಕೊಡೋ ರೇಟು ಡೀಸೆಲ್ ರೇಟಿಗಿಂತ ಮೇಲಿರುತ್ತೆ. ಅಂಥ ವರ್ಷ ಎಣ್ಣೆ ಮಾರಿ ಡೀಸೆಲ್ ತನ್ನಿ. ಮರ ಹಾಕೋದಾದ್ರೆ ಹಾಕಿ, ಕಾಯಿಗೆ ಐದಾರು ವರ್ಷ ಕಾಯಬೇಕು, ನಮ್ಮ ಮಳೆಗಿಂತ ಕುಶಾಲನಗರ ಕಡೆ ಒಣ ಹವೇಲಿ ಚೆನ್ನಾಗಿ ಬರುತ್ತೆ. ಮತ್ತೆ ಕೂಲಿ. ಹೊಂಗೆ ಕಾಯಿ ಉದುರೋದು ಬೇಸಿಗೇಲಿ, ಕಾಫಿ ಕುಯ್ಲು ಮುಗಿದು ಮೆಣಸು ಕುಯ್ಯೋಕೆ ಜನ ಸಿಗದೆ ಒದ್ದಾಡೋ ಹೊತ್ತಲ್ಲೇ. ಒಬ್ಬರು ಒಂದು ದಿನಕ್ಕೆ ಎಷ್ಟು ಕೆಜಿ ಆರಿಸಿ ಸುಲೀತಾರೆ ಅಂತ ಒಂದು ದಿನ ಪಕ್ಕದಲ್ಲೇ ನಿಂತು ತೂಕ ಹಾಕಿ, ಆ ದಿನದ ಸಂಬಳನ ಆ ತೂಕದಿಂದ ಭಾಗಿಸಿ, 25 ರೂಪಾಯಿಗಿಂತ ಜಾಸ್ತಿ ಬಂದ್ರೆ ಅಲ್ಲಿಗೇ ಬಿಡಿ. ಮಾಡೇ ಮಾಡ್ತೀನಿ ಅನ್ನೋದಾದ್ರೆ ಹಾಸನದ ಹತ್ರ ಮಡೆನೂರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಕಟ್ಟಿದ ಜೈವಿಕ ಇಂಧನ ಪಾರ್ಕ್ ಒಂದ್ಸಲ ನೋಡ್ಕೊಂಡು ಬನ್ನಿ.

ಪ್ರಶ್ನೆ: ಕುಶಾಲನಗರ ಕಡೆ ನಾವೊಂದಷ್ಟು ಜನ ಮುಸುಕಿನ ಜೋಳ ಬೆಳೀತೀವಿ. ಜೋಳ ಎಲ್ಲ ಈಗ ಎಥನಾಲ್ ಫ್ಯಾಕ್ಟರಿಗೆ ಹೋಗ್ತಿದೆಯಂತಲ್ಲ, ನಾವೇ ಸೊಸೈಟಿ ಮಾಡ್ಕೊಂಡು ಸಣ್ಣದೊಂದು ಹಾಕಿದ್ರೆ ಹೇಗೆ ಸಾರ್?

ಉತ್ತರ: ನಿಮ್ಮ ಉತ್ಸಾಹಕ್ಕೆ ನೀರು ಹಾಕೋಕೆ ಮನಸ್ಸಿಲ್ಲ, ಆದ್ರೂ ಇದು ಸಣ್ಣದಾಗಿ ಮಾಡೋ ಬಿಸಿನೆಸ್ ಅಲ್ಲ. ಒಂದು ಟನ್ ಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಬರುತ್ತೆ. ದಿನಕ್ಕೆ 60 ಸಾವಿರ ಲೀಟರ್ ತೆಗೆಯೋ ಘಟಕ ಅಂದ್ರೆ ಈ ಫೀಲ್ಡಲ್ಲಿ ಸಣ್ಣದೇ, ಅದಕ್ಕೂ ದಿನಕ್ಕೆ 158 ಟನ್ ಜೋಳ ಬೇಕು, ವರ್ಷಕ್ಕೆ 300 ದಿನ ಅಂದ್ರೆ 47 ಸಾವಿರ ಟನ್ ದಾಟುತ್ತೆ. ಕೊಡಗಿನ ಜೋಳ ಅದರ ಬಾಯಿಗೆ ಎಲ್ಲಿ ಸಾಕಾಗುತ್ತೆ. ಮಾಮೂಲಿ ಭಟ್ಟಿ ಇಳಿಸಿದ್ರೆ 95 ಪರ್ಸೆಂಟ್ ಚಿಲ್ಲರೆಗೆ ನಿಂತೋಗುತ್ತೆ, ಪೆಟ್ರೋಲ್‌ಗೆ ಬೆರೆಸೋಕೆ ಅದರಲ್ಲಿರೋ ನೀರನ್ನೂ ತೆಗೆದು 99.5ರ ಮೇಲೆ ಮಾಡಬೇಕು, ಅದಕ್ಕೆ ಬೇರೆ ಮೆಷಿನ್, ಮೇಲೆ ಅಬಕಾರಿ ಲೈಸೆನ್ಸ್, ಹೊರಗೆ ಒಂದು ತೊಟ್ಟು ಕೊಳಕು ನೀರು ಬಿಡಬಾರದು ಅನ್ನೋ ರೂಲ್ಸು.

ದೊಡ್ಡ ಫ್ಯಾಕ್ಟರಿಗೆ ಏನು ಉಳಿಯುತ್ತೆ ಅಂತ ತಿಳ್ಕೊಂಡಿರಿ, ರೇಟ್ ಮಾತಾಡುವಾಗ ಉಪಯೋಗಕ್ಕೆ ಬರುತ್ತೆ. ಜೋಳದ ಎಥನಾಲ್‌ಗೆ ತೈಲ ಕಂಪನಿಗಳು ಕೊಡ್ತಾ ಬಂದಿರೋದು ಲೀಟರ್‌ಗೆ 71 ರೂಪಾಯಿ 86 ಪೈಸೆ. 380 ಲೀಟರ್‌ಗೆ 27,307 ರೂಪಾಯಿ ಆಯ್ತು. 2025-26ಕ್ಕೆ ಜೋಳದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 2,400, ಅಂದ್ರೆ ಆ ರೇಟಿಗೆ ಕೊಂಡ್ರೆ ಟನ್‌ಗೆ 24,000. ಮಿಕ್ಕಿದ್ದು 3,307 ರೂಪಾಯಿ, ಅದರಲ್ಲೇ ಎಂಜೈಮು, ಬಾಯ್ಲರ್‌ಗೆ ಸೌದೆ, ಕರೆಂಟು, ಸಂಬಳ, ಬ್ಯಾಂಕ್ ಬಡ್ಡಿ. ಹೇಗೆ ಬದುಕ್ತಾರೆ? ಗಂಜಿ ಅಂಶ ಎಲ್ಲ ಎಥನಾಲ್ ಆದ್ಮೇಲೆ ಸುಮಾರು 300 ಕೆಜಿ ಒಣ ಹಿಟ್ಟು ಉಳಿಯುತ್ತೆ, ಡಿಡಿಜಿಎಸ್ ಅಂತಾರೆ, ಪ್ರೋಟೀನ್ 28 ಪರ್ಸೆಂಟ್ ಹತ್ರ, ದನಕ್ಕೂ ಕೋಳಿಗೂ ಹೋಗುತ್ತೆ. ಕೆಜಿಗೆ 15 ಅಂತ ಹಿಡಿದ್ರೂ 4,500 ರೂಪಾಯಿ, ಎಥನಾಲ್‌ನಲ್ಲಿ ಉಳಿದಿದ್ದಕ್ಕಿಂತ ಜಾಸ್ತಿ. ನೋಡಿ, ಇಂಧನ ಮಾರಿ ಜೋಳದ ಸಾಲ ತೀರಿಸ್ತಾರೆ, ಬೂಸಾ ಮಾರಿ ಮನೆ ನಡೆಸ್ತಾರೆ.

ಇದರಿಂದ ನಿಮಗೊಂದು ಮಾತು. ಜೋಳದಲ್ಲಿ ಬೂಷ್ಟು ವಿಷ ಇದ್ರೆ ಅದು ಎಥನಾಲ್‌ಗೆ ಹೋಗಲ್ಲ, ಪೂರ್ತಿ ಈ ಹಿಟ್ಟಲ್ಲೇ ಉಳಿದು ಮೂರು ಪಟ್ಟು ಗಟ್ಟಿ ಆಗುತ್ತೆ. ಹಾಗಾಗಿ ಒಳ್ಳೇ ಫ್ಯಾಕ್ಟರಿಯವರು ಬೂಷ್ಟು ಹಿಡಿದ ಜೋಳ ನೋಡಿದ್ರೆ ಮೂಗು ಮುರೀತಾರೆ. ನಮ್ಮಲ್ಲಿ ಅಕ್ಟೋಬರ್ ಮಳೆಗೆ ಸಿಕ್ಕಿ ತೆನೆ ಕಪ್ಪಾಗೋದು ಪ್ರತಿ ವರ್ಷದ ಗೋಳು. ಸೊಸೈಟಿ ಮಾಡಿ, ಖಂಡಿತ ಮಾಡಿ, ಆ ದುಡ್ಡಲ್ಲಿ ಎಲ್ಲರಿಗೂ ಸೇರಿ ಒಂದು ಡ್ರೈಯರ್ ಮತ್ತೆ ತೇವಾಂಶ ನೋಡೋ ಮೀಟರ್ ತಗೊಳ್ಳಿ. 14 ಪರ್ಸೆಂಟ್‌ಗಿಂತ ಕಮ್ಮಿ ತೇವ ಇರೋ ಶುದ್ಧ ಜೋಳ ಲೋಡ್ ಗಟ್ಲೆ ಇದೆ ಅಂದ್ರೆ ಫ್ಯಾಕ್ಟರಿಯವರೂ ಕೋಳಿ ಫೀಡ್‌ನವರೂ ಇಬ್ಬರೂ ನಿಮ್ಮ ಹತ್ರ ಬರ್ತಾರೆ, ಆಗ ರೇಟು ನೀವು ಹೇಳಬಹುದು.

ಪ್ರಶ್ನೆ: ಪೊನ್ನಂಪೇಟೆ ಹತ್ರ ನಮ್ಮದು ಹತ್ತು ಎಕರೆ, ಸ್ವಲ್ಪ ಅರೇಬಿಕಾ ಪಲ್ಪಿಂಗ್ ಮಾಡಿ, ಅಂದ್ರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು, ಪಾರ್ಚ್‌ಮೆಂಟ್ ಮಾಡ್ತೀವಿ, ರೋಬಸ್ಟಾ ಹಣ್ಣು ಹಾಗೇ ಒಣಗಿಸಿ ಚೆರಿ ಅಂತ ಮಾರ್ತೀವಿ. ಪಲ್ಪರ್ ನೀರು ತೋಡಿಗೆ ಹೋಗ್ತಿದೆ ಅಂತ ಕೆಳಗಿನ ಮನೆಯವರು ಜಗಳ. ಆ ಸಿಪ್ಪೆ ನೀರಲ್ಲಿ ಗ್ಯಾಸ್ ಮಾಡಬಹುದು ಅಂತ ಕೇಳಿದೀನಿ, ಖರ್ಚು ಹುಟ್ಟುತ್ತಾ ಮೇಡಂ ಸಾರ್ ಯಾರಾದ್ರೂ ಸರಿಯಾಗಿ ಹೇಳಿ.

ಉತ್ತರ: ಮೊದಲು ಜಗಳದ ವಿಚಾರ. ಕೆಳಗಿನ ಮನೆಯವರು ಹೇಳ್ತಿರೋದು ಸರಿ ಅಕ್ಕ. ಪಲ್ಪರ್ ನೀರಲ್ಲಿ ಸಕ್ಕರೆ, ಲೋಳೆ ಇರುತ್ತೆ, ಅದು ಕೊಳೆಯುವಾಗ ನೀರಲ್ಲಿರೋ ಆಕ್ಸಿಜನ್ ಎಲ್ಲ ಎಳ್ಕೊಂಡು ಬಿಡುತ್ತೆ, ಮೀನು ಸಾಯುತ್ತೆ, ಹುಳಿ ನಾತ ಬೇರೆ. ನಮ್ಮ ತೋಡಿನ ನೀರು ಹೋಗಿ ಸೇರೋದು ಲಕ್ಷ್ಮಣತೀರ್ಥಕ್ಕೆ, ಅಲ್ಲಿಂದ ಕಾವೇರಿಗೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತರೋ ನಾವು ಡಿಸೆಂಬರಲ್ಲಿ ಅದಕ್ಕೇ ಪಲ್ಪ್ ಬಿಡೋದು ನನಗೆ ತುಂಬಾ ಬೇಜಾರಾಗೋ ಸಂಗತಿ, ಹಾಗೆ ಬಿಡೋ ಹಾಗೂ ಇಲ್ಲ ಕಾನೂನಲ್ಲಿ.

ಗ್ಯಾಸ್ ಆಗುತ್ತೆ. ಆದ್ರೆ ಪಲ್ಪ್ ನಂಬ್ಕೊಂಡು ಗ್ಯಾಸ್ ಪ್ಲಾಂಟ್ ಕಟ್ಟಬೇಡಿ, ಪಲ್ಪಿಂಗ್ ನಡೆಯೋದೇ ಎರಡು ಮೂರು ತಿಂಗಳು, ಉಳಿದ ಒಂಬತ್ತು ತಿಂಗಳು ಗುಂಡಿ ಖಾಲಿ ಇದ್ರೆ ಹಾಕಿದ ದುಡ್ಡಿಗೆ ಬಡ್ಡಿನೂ ಹುಟ್ಟಲ್ಲ. ಸಗಣಿ ನಂಬ್ಕೊಂಡು ಕಟ್ಟಿ, ಪಲ್ಪ್ ಅದರ ಮೇಲೆ ಸೇರಿಸಿ. ಒಂದು ಕೆಜಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್ ಬರುತ್ತೆ, ನಾಲ್ಕೈದು ದನ ಇದ್ರೆ ದಿನಕ್ಕೆ 50 ಕೆಜಿ ಸಗಣಿ, ಎರಡು ಘನ ಮೀಟರ್ ಗ್ಯಾಸ್. ಒಂದು ಘನ ಮೀಟರ್ ಗ್ಯಾಸ್ ಅಂದ್ರೆ 450 ಗ್ರಾಂ ಎಲ್‌ಪಿಜಿ ಸಮ, ಹಾಗಾಗಿ 14.2 ಕೆಜಿ ಸಿಲಿಂಡರ್ ಹದಿನಾರು ದಿನಕ್ಕೆ ಒಂದು ಉಳೀತು, ತಿಂಗಳಿಗೆ ಎರಡು ಹತ್ರ ಹತ್ರ. ನಿಮ್ಮ ಮನೆಗೆ, ಲೈನ್‌ಮನೇಲಿ ಒಂದೆರಡು ಸಂಸಾರಕ್ಕೆ ಒಲೆ ಉರಿಯುತ್ತೆ. ಡಿಸೆಂಬರ್ ಜನವರಿ ಚಳೀಲಿ ಗ್ಯಾಸ್ ಕಮ್ಮಿ ಆಗುತ್ತೆ, ಅದನ್ನ ತಯಾರಿಸೋ ಜೀವಾಣುಗಳಿಗೆ 30ರಿಂದ 37 ಡಿಗ್ರಿ ಬಿಸಿ ಇಷ್ಟ, ಹಾಗಾಗಿ ಬಿಸಿಲು ಬೀಳೋ ಕಡೆ ಕಟ್ಟಿಸಿ, ಸಿಲ್ವರ್ ಓಕ್ ನೆರಳಲ್ಲಿ ಬೇಡ. ಪಲ್ಪ್ ಹುಳಿ, ಅದರಲ್ಲಿರೋ ಕೆಫೀನು, ಒಗರಿನ ಅಂಶ ಆ ಜೀವಾಣುಗಳಿಗೆ ಆಗಿಬರಲ್ಲ, ಒಂದೇ ಸಲ ಬುಟ್ಟಿಗಟ್ಲೆ ಸುರಿದ್ರೆ ಗ್ಯಾಸ್ ನಿಂತೇ ಹೋಗುತ್ತೆ, ನಮ್ಮಲ್ಲಿ ಒಂದ್ಸಲ ಹಾಗೇ ಆಗಿ ಮತ್ತೆ ಸರಿ ಹೋಗೋಕೆ ಒಂದು ತಿಂಗಳು ಬೇಕಾಯ್ತು. ಸ್ವಲ್ಪ ಸುಣ್ಣ ಬೆರೆಸಿ, ಸಗಣಿ ಜೊತೆ ದಿನಾ ಚೂರು ಚೂರು ಜಾಸ್ತಿ ಮಾಡ್ತಾ ಹೋಗಿ. ಪಲ್ಪ್ ಎಲ್ಲಾ ಅದರಲ್ಲಿ ಹಿಡಿಸಲ್ಲ, ಉಳಿದಿದ್ದು ಕಾಂಪೋಸ್ಟ್ ಗುಂಡಿಗೆ. ಒಳಗೆ ಬರೋ ನೀರನ್ನೇ ಮೊದಲು ಕಮ್ಮಿ ಮಾಡಿ, ಕಮ್ಮಿ ನೀರಲ್ಲಿ ನಡೆಯೋ ಪಲ್ಪರ್ ಈಗ ಸಿಗುತ್ತೆ, ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಸಿಲಿಂಡರ್ ದುಡ್ಡು ಒಂದೇ ನೋಡಿದ್ರೆ ಪ್ಲಾಂಟ್ ಖರ್ಚು ಹುಟ್ಟೋಕೆ ವರ್ಷಗಟ್ಲೆ ಹಿಡಿಯುತ್ತೆ. ಗ್ಯಾಸ್ ಬಂದಾದ್ಮೇಲೆ ಉಳಿಯೋ ಸಗಣಿ ರಾಡಿ, ಅಂದ್ರೆ ಸ್ಲರಿನೂ ಸೇರಿಸಿ ಲೆಕ್ಕ ಹಾಕಿ. ಗ್ಯಾಸಲ್ಲಿ ಹೋಗೋದು ಇಂಗಾಲ, ನೈಟ್ರೋಜನ್ನು ಪೊಟ್ಯಾಶು ಎಲ್ಲ ಸ್ಲರೀಲೇ ಇರುತ್ತೆ, ಅದನ್ನ ಕಾಫಿ ಬುಡಕ್ಕೆ ಕೊಟ್ಟು ಗೊಬ್ಬರದ ಅಂಗಡಿ ಬಿಲ್ಲು ಎಷ್ಟು ಇಳೀತು ಅಂತ ಎರಡು ವರ್ಷ ಬರೆದಿಡಿ.

ನೀವು ಕೇಳದೇ ಇರೋ ಒಂದು ವಿಚಾರ ಇದಕ್ಕಿಂತ ದೊಡ್ಡದು, ರೋಬಸ್ಟಾ ಚೆರಿ. 50 ಕೆಜಿ ಚೀಲಕ್ಕೆ ಔಟ್‌ಟರ್ನ್ 27 ಅಂತ ವ್ಯಾಪಾರಿ ಹೇಳ್ತಾನಲ್ಲ, ಅಂದ್ರೆ ಬೀಜ 27 ಕೆಜಿ, ಮಿಕ್ಕ 23 ಕೆಜಿ ಹೊಟ್ಟು. ನಿಮ್ಮದು ನೂರು ಚೀಲ ಅಂದ್ರೆ 2,300 ಕೆಜಿ ಹೊಟ್ಟು ನಿಮ್ಮ ತೋಟದಿಂದ ಲಾರಿ ಹತ್ತಿ ಹೋಯ್ತು, ಅದಕ್ಕೆ ಚೀಟೀಲಿ ಒಂದು ಪೈಸೆನೂ ಬರೆದಿರಲ್ಲ. ಅದೇ ಹೊಟ್ಟು ಆಮೇಲೆ ಬಾಯ್ಲರ್‌ಗೆ ಮಾರಾಟ ಆಗುತ್ತೆ. ಕೆಜಿಗೆ ಸುಮಾರು 4,000 ಕಿಲೋ ಕ್ಯಾಲರಿ ಶಾಖ ಇದೆ ಅದರಲ್ಲಿ, ನೂರು ಚೀಲದ ಹೊಟ್ಟು ಅಂದ್ರೆ ಒಂಬೈನೂರು ಕೆಜಿ ಡೀಸೆಲ್ ಉರಿಸಿದಷ್ಟು ಶಾಖ. ಪಂಪ್ ಓಡಿಸೋಕೆ ಬರಲ್ಲ, ಡ್ರೈಯರ್‌ಗೆ ಬರುತ್ತೆ, ಜನವರೀಲಿ ಅಕಾಲ ಮಳೆ ಬಂದು ಕಣದಲ್ಲಿ ಕಾಫಿ ನೆಂದಾಗ ಅದರ ಬೆಲೆ ಗೊತ್ತಾಗುತ್ತೆ. ಉರಿಸಿದ್ಮೇಲೆ ಬೂದೀಲಿ ಪೊಟ್ಯಾಶ್ ಉಳಿಯುತ್ತೆ, ಅದು ತೋಟಕ್ಕೆ. ಊರಲ್ಲಿ ಐದಾರು ಜನ ಸೇರಿ ಒಂದು ಹಲ್ಲರ್ (ಹೊಟ್ಟು ಬಿಡಿಸೋ ಮೆಷಿನ್) ಇಟ್ಕೊಂಡು ಬೀಜ ಮಾತ್ರ ಮಾರೋದು ಹೇಗೆ ಅಂತ ಲೆಕ್ಕ ಹಾಕಿ, ಕೂಲಿ ಕರೆಂಟು ಕಳೆದು ಏನು ಉಳಿಯುತ್ತೆ ಅಂತ ನನಗೂ ಬರೀರಿ.

ಪ್ರಶ್ನೆ: ಭಾಗಮಂಡಲ ಕಡೆ ನಾವು ಪಣಪುಳಿ ಹಣ್ಣಿಂದ ಕಾಚಂಪುಳಿ (ಅಡುಗೆಗೆ ಹಾಕೋ ಕಪ್ಪು ಹುಳಿ) ಮಾಡಿ ಮಾರ್ತೀವಿ. ಬೀಜ ಎಲ್ಲ ಬಿಸಾಡ್ತೀವಿ, ಅದರಲ್ಲೂ ಎಣ್ಣೆ ಇದೆಯಂತೆ, ಡೀಸೆಲ್ ಆಗುತ್ತಾ?

ಉತ್ತರ: ಆಗುತ್ತೆ, ಮಾಡಬೇಡಿ. ಅದು ತಿನ್ನೋ ಜಿಡ್ಡು. ಉತ್ತರ ಕನ್ನಡದಲ್ಲಿ ಇದೇ ಮರಕ್ಕೆ ಉಪ್ಪಗೆ ಅಂತಾರೆ, ಬೀಜದಿಂದ ಉಪ್ಪಗೆ ತುಪ್ಪ ತೆಗೆದು ಅಡುಗೆಗೆ ಬಳಸ್ತಾರೆ. ತುಪ್ಪ ಅಂತ ಮಾರಬಹುದಾದ್ದನ್ನ ಎಂಜಿನ್‌ಗೆ ಹಾಕೋದು ನಷ್ಟ. ಬೀಜ ತೊಳೆದು ಒಣಗಿಸಿಡಿ, ಮೊದಲು ಮನೆಮಟ್ಟಿಗೆ ಸ್ವಲ್ಪ ತೆಗೆದು ನೋಡಿ.

ಪ್ರಶ್ನೆ: ನನ್ನ ಸ್ಕೂಟರ್‌ಗೆ ಇ20 (ನೂರಕ್ಕೆ 20 ಎಥನಾಲ್ ಬೆರೆಸಿದ) ಪೆಟ್ರೋಲ್ ಹಾಕಿದ್ಮೇಲೆ ಮೈಲೇಜ್ ಕಮ್ಮಿ ಆಗಿದೆ ಅನ್ಸುತ್ತೆ, ನಿಜಾನಾ ಭ್ರಮೆನಾ? ಮಡಿಕೇರಿಯಿಂದ ಕಾಲೇಜ್ ವಿದ್ಯಾರ್ಥಿನಿ.

ಉತ್ತರ: ನಿಜ ಮಗಳೇ. ಎಥನಾಲ್‌ನಲ್ಲಿ ಲೀಟರ್‌ಗೆ ಪೆಟ್ರೋಲ್‌ನ ಮೂರನೇ ಎರಡರಷ್ಟೇ ಶಕ್ತಿ ಇರೋದು, ನೂರಕ್ಕೆ 20 ಬೆರೆಸಿದ್ರೆ ಒಟ್ಟು ಆರೇಳು ಪರ್ಸೆಂಟ್ ಶಕ್ತಿ ಕಮ್ಮಿ ಆಯ್ತು. ಹಳೇ ದ್ವಿಚಕ್ರ ಗಾಡಿಗಳಲ್ಲಿ ಮೈಲೇಜು 3ರಿಂದ 4 ಪರ್ಸೆಂಟ್ ಬೀಳಬಹುದು ಅಂತ 2021ರ ನೀತಿ ಆಯೋಗದ ವರದೀಲೇ ಇದೆ. ಲೀಟರ್‌ಗೆ 45 ಕಿಲೋಮೀಟರ್ ಕೊಡ್ತಿದ್ರೆ ಒಂದೂವರೆ ಎರಡು ಕಿಲೋಮೀಟರ್ ಇಳಿದ ಹಾಗೆ. ಅದಕ್ಕಿಂತ ಜಾಸ್ತಿ ಇಳಿದಿದ್ರೆ ಏರ್ ಫಿಲ್ಟರು, ಟೈರ್ ಗಾಳಿ ನೋಡಿಸು. ಇನ್ನೊಂದು, ಎಥನಾಲ್ ಗಾಳೀಲಿರೋ ತೇವ ಎಳ್ಕೊಳ್ಳುತ್ತೆ. ಜೂನ್‌ನಿಂದ ಆಗಸ್ಟ್ ತನಕ ಮಡಿಕೇರಿ ಮಳೇಲಿ ಗಾಡಿ ನಿಲ್ಲಿಸಿ ಬಸ್ಸಲ್ಲೇ ಓಡಾಡೋದಾದ್ರೆ ಅರ್ಧ ಟ್ಯಾಂಕ್ ಬಿಟ್ಟು ಹೋಗಬೇಡ, ನೀರು ಸೇರಿ ಎಥನಾಲ್ ಬೇರೆಯಾಗಿ ತಳಕ್ಕೆ ಇಳಿದ್ರೆ ಸೆಪ್ಟೆಂಬರಲ್ಲಿ ಗಾಡಿ ಸ್ಟಾರ್ಟ್ ಆಗಲ್ಲ. ಒಂದೋ ಟ್ಯಾಂಕ್ ಖಾಲಿ ಮಾಡಿಸು, ಇಲ್ಲಾ ವಾರಕ್ಕೊಂದ್ಸಲ ಓಡಿಸಿ ಪೆಟ್ರೋಲ್ ಹೊಸದು ಹಾಕ್ಸು.